ಹದಿನೇಳನೇ ಹಾಳೆಯ ಕೆಂಪು ಗೆರೆ

ಫೆಬ್ರವರಿ 11, 1993

ಪ್ರೀತಿಯ ಪೆನ್ಸಿಲ್,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಬೇಲಿ ಕಟ್ಟುವ ಕಾಲ ಇದು, ಕೈಯೆಲ್ಲ ತಂತಿ ಗೀರು. ಕಡಲತೀರದ ಮರಳು ದಿಬ್ಬದ ಕಾವಲಿಗೆ ಸೇರಿ ನನಗೆ ಈಗ ಒಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಒಂದು ಮಾತಂತೂ ಖಾತ್ರಿಯಾಗಿದೆ: ಮೇಕೆಗೆ ಬುದ್ಧಿ ಹೇಳಬಹುದು, ಮೋಟಾರ್ ಸೈಕಲ್ಲಿನವರಿಗೆ ಸಾಧ್ಯವಿಲ್ಲ. ಭಾನುವಾರ ಬಂತೆಂದರೆ ದಿಬ್ಬದ ನೆತ್ತಿಯ ಮೇಲೆ ಓಡಿಸುತ್ತಾರೆ. ಒಂದು ಚಕ್ರದ ಗುರುತು ಬಿತ್ತೋ, ಮರಳು ಹಿಡಿದಿಡುವ ಅಡುಂಬು ಬಳ್ಳಿ ಹರಿಯಿತು. ಬಳ್ಳಿ ಹರಿದಲ್ಲಿ ಗಾಳಿ ಕೈ ಹಾಕುತ್ತದೆ. ಮನೆ ಕಟ್ಟುವವರು ಚೀಲಗಟ್ಟಲೆ ಮರಳು ಹೊತ್ತೊಯ್ಯುವುದು ಬೇರೆ. ಹದಿನೈದು ದಿನಕ್ಕೊಮ್ಮೆ ನಲವತ್ತು ಗೂಟಗಳ ಬಳಿಯೂ ಮರಳಿನ ಎತ್ತರ ಅಳೆದು ನಿಮ್ಮ ನಕ್ಷೆ ಕಚೇರಿಗೆ ಕಳಿಸುತ್ತೇನಲ್ಲ, ಅದನ್ನು ಯಾರಾದರೂ ಓದುತ್ತಾರೆಯೇ?

ಬರೆಯಲೇಬೇಕಾದ ವಿಷಯ ಬೇರೆಯಿದೆ. ಮಂಗಳವಾರ ಇಬ್ಬರು ಸರ್ವೆಯವರು ಬಂದು ಹತ್ತೊಂಬತ್ತನೇ ಗೂಟದಿಂದ ಇಪ್ಪತ್ತನಾಲ್ಕರವರೆಗೆ ಬಿಳಿ ಮೊಳೆ ಹೊಡೆದರು.

"ಏನ್ರೀ ಇದು?" ಅಂದೆ.

"ದಾರಿ ಅಮ್ಮಾ. ಹೊಸ ಹೋಟೆಲಿಂದ ಸಮುದ್ರಕ್ಕೆ."

"ದಾರಿ ಎಲ್ಲಿದೆ? ಇದು ದಿಬ್ಬ."

"ನಕ್ಷೇಲಿದೆಯಲ್ಲ."

ನೀಲಿ ಪ್ರತಿ ಬಿಚ್ಚಿ ತೋರಿಸಿದರು. ನಿಮ್ಮ ಕಚೇರಿಯದೇ, ಹದಿನೇಳನೇ ಹಾಳೆ. ದಿಬ್ಬವನ್ನು ಸುತ್ತುವ ರಕ್ಷಣೆಯ ಗೆರೆ ಹತ್ತೊಂಬತ್ತರಲ್ಲಿ ನಿಂತು ಇಪ್ಪತ್ತನಾಲ್ಕರಲ್ಲಿ ಮತ್ತೆ ಶುರುವಾಗುತ್ತದೆ. ನಡುವೆ 'ಹಳೆಯ ದಾರಿ' ಎಂದು ಬರೆದಿದೆ. ನಾವಿಬ್ಬರೂ ಅಲ್ಲೇ ಜಾರಿ ಆಡಿ ಬೆಳೆದವರು. ಅಲ್ಲಿ ಯಾವ ಕಾಲದಲ್ಲಿ ದಾರಿ ಇತ್ತು ನೀನೇ ಹೇಳು. ಯಾರೋ ಕಣ್ಣು ಮುಚ್ಚಿಕೊಂಡು ಬರೆದಿದ್ದಾರೆ. ನೀನು ಅಲ್ಲೇ ಇದ್ದೀಯ, ಹಾಳೆ ತೆಗೆಸಿ ನೋಡು. ಗೆರೆ ಸರಿ ಮಾಡಿಸಿದರೆ ಐವತ್ತು ಮೀಟರ್ ದಿಬ್ಬ ಉಳಿಯುತ್ತದೆ, ಅದರ ಹಿಂದಿರುವ ನಮ್ಮ ಇಪ್ಪತ್ತೆರಡು ಮನೆ, ಒಂದು ಸಿಹಿನೀರಿನ ಬಾವಿಯೂ ಉಳಿಯುತ್ತವೆ.

ನಿನ್ನ ಭಾವ ಆರಾಮ. ಬಂದರಿನ ವರ್ಕ್‌ಶಾಪ್ ಮುಚ್ಚಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಕೂತು ನನ್ನ ತಲೆ ತಿಂದರು. ಈಗ ಒಂದು ಯಂತ್ರದ ಕೆಲಸ ಸಿಕ್ಕಿದೆ.

ಅಕ್ಕ


ಮಾರ್ಚ್ 2, 1993

ಪ್ರೀತಿಯ ಅಕ್ಕ,

ನಿನ್ನ ಅಳತೆಗಳನ್ನು ಓದುವವನು ಒಬ್ಬನಾದರೂ ಇದ್ದಾನೆ. ಪ್ರತಿ ಸಲವೂ ಕಡತಕ್ಕೆ ಹೋಗುವ ಮುಂಚೆ ನಿನ್ನ ಅಕ್ಷರ ನೋಡಲೆಂದೇ ತೆಗೆಯುತ್ತೇನೆ.

ಹದಿನೇಳನೇ ಹಾಳೆಯ ಬಗ್ಗೆ ಕೇಳಿದ್ದೀಯ. ಇಲ್ಲಿ ನೂರಾರು ಹಾಳೆಗಳು, ಹನ್ನೊಂದು ಮೇಜುಗಳು. ಯಾವುದು ಯಾರ ಕೈಯಿಂದ ದಾಟಿತೆಂದು ಹೇಳುವುದು ಕಷ್ಟ. ಮೂಲ ಪ್ರತಿ ಮುಖ್ಯಸ್ಥರ ಕಪಾಟಿನಲ್ಲಿರುತ್ತದೆ, ಬೀಗದ ಕೈ ಅವರ ಸೊಂಟದಲ್ಲಿ. ಸಮಯ ನೋಡಿ ಕೇಳುತ್ತೇನೆ. ನೀನು ಸದ್ಯಕ್ಕೆ ಸರ್ವೆಯವರ ಜೊತೆ ಜಗಳಕ್ಕೆ ಇಳಿಯಬೇಡ.

ನನ್ನ ಕೆಲಸ ಖಾಯಂ ಆಯಿತು. ಏಳು ವರ್ಷದ ಮೇಲೆ! ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ, ಉತ್ತರದ ಬೆಳಕು. ಟೈಲರಕ್ಕನಿಗೂ ಹೇಳು. ನಾನು ಚಿಕ್ಕವನಿದ್ದಾಗ ಗೋಡೆಯ ಮೇಲೆಲ್ಲ ಗೀಚಿದರೆ, "ಇವನು ಮುಂದೆ ಒಂದೋ ನಕ್ಷೆ ಬರೀತಾನೆ, ಇಲ್ಲಾ ಜೈಲಿನ ಗೋಡೆ ಮೇಲೆ ದಿನ ಎಣಿಸ್ತಾನೆ" ಅನ್ನುತ್ತಿದ್ದಳಲ್ಲ.

ಭಾವನಿಗೆ ಕೆಲಸ ಸಿಕ್ಕಿದ್ದು ಕೇಳಿ ಹಗುರವಾಯಿತು. ದೋಣಿ ಇಂಜಿನ್ ರಿಪೇರಿಯೇ ತಾನೇ?

ನಿನ್ನ ತಮ್ಮ


ಮಾರ್ಚ್ 20, 1993

ಪ್ರೀತಿಯ ಪೆನ್ಸಿಲ್,

ಖಾಯಂ ಆಗಿದ್ದು ಓದಿ ಕುಣಿದಾಡಿಬಿಟ್ಟೆ. ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, "ಸದ್ಯ, ಜೈಲು ತಪ್ಪಿತು" ಅಂದಳು.

ಆದರೆ ಹದಿನೈದನೇ ತಾರೀಕು ಅಗೆತ ಶುರುವಾಯಿತು. ಮೇಲಿನಿಂದ ನನಗೆ ಲಿಖಿತ ಆದೇಶ ಬಂತು: ಇಪ್ಪತ್ತರಿಂದ ಇಪ್ಪತ್ತಮೂರರವರೆಗಿನ ಗೂಟ ತೆಗೆಯತಕ್ಕದ್ದು. ನಾನೇ ಕಿತ್ತೆ. ಬೇರೆಯವರು ಕೀಳುವುದನ್ನು ನೋಡುತ್ತಾ ನಿಲ್ಲಲು ಆಗುತ್ತಿರಲಿಲ್ಲ. ಇಪ್ಪತ್ತೆರಡನೆಯದು ಮೊಳದಷ್ಟು ಒಳಗೆ ಬಳ್ಳಿಯ ಬೇರಿನಲ್ಲಿ ಸಿಕ್ಕಿಕೊಂಡಿತ್ತು. ಎಳೆದರೆ ಬರಲಿಲ್ಲ; ಬೇರು ಕೊಯ್ಯಬೇಕಾಯಿತು.

ಯಂತ್ರ ಒಂದು ಬಾರಿ ಬಾಯಿ ಹಾಕಿದರೆ ನಾನು ಒಂದು ವರ್ಷ ನೆಟ್ಟಿದ್ದು ಹೋಗುತ್ತದೆ. ರಾವಣನ ಮೀಸೆ ಹುಲ್ಲು ರಾಶಿ ರಾಶಿ ಬುಡಮೇಲಾಗಿ ಬಿದ್ದಿದೆ. ಕತ್ತರಿಸಿದ ಗೋಡೆಯಲ್ಲಿ ಬೇರುಗಳು ಹರಿದ ಬಟ್ಟೆಯ ದಾರದ ಹಾಗೆ ಜೋತಾಡುತ್ತವೆ. ಟೈಲರಕ್ಕನ ಮನೆ ಸಾಲಿನ ಕೊನೆಯದು, ದಿಬ್ಬದಲ್ಲಿ ತೋಡಿದ ಕಂಡಿಗೆ ನೇರ ಎದುರು. ಬಾಗಿಲಲ್ಲಿ ನಿಂತರೆ ಈಗ ಅವಳಿಗೆ ಸಮುದ್ರ ಕಾಣುತ್ತದೆ. ಹೋಟೆಲಿನವರು, "ನಿಮಗೂ ಒಳ್ಳೇ ನೋಟ ಸಿಕ್ಕಿತಲ್ಲಮ್ಮ" ಅಂದರಂತೆ. ಅದಕ್ಕೆ ಇವಳು, "ನಂಗೆ ಅದು ಕಾಣೋದು ಇರಲಿ ಸ್ವಾಮಿ, ಅದಕ್ಕೆ ನಾನು ಕಾಣ್ತೀನಲ್ಲ" ಅಂದಳಂತೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗೆರೆ ತೆಗೆದವನು ಯಾರೇ ಆಗಲಿ, ಒಂದೇ ಒಂದು ದಿನ ಬಂದು ಆ ಬಾಗಿಲಲ್ಲಿ ನಿಲ್ಲಲಿ. ಹಾಳೆ ನೋಡಿದೆಯಾ?

ಅಕ್ಕ


ಏಪ್ರಿಲ್ 14, 1993

ಅಕ್ಕ,

ನೋಡಿದೆ. ಈಗ ಮಾಡುವಂಥದ್ದು ಏನೂ ಇಲ್ಲ. ಸಹಿ ಬಿದ್ದಾಗಿದೆ.

ಒಂದು ಮಾತು ಹೇಳಲೇ? ನೀನು ಗೆರೆ ಎಳೆದವನ ಮೇಲೆ ಎಲ್ಲ ಭಾರ ಹಾಕುತ್ತೀಯ. ಕಾಗದದ ಮೇಲಿನ ಮಸಿ ಯಾರ ದಿಬ್ಬವನ್ನೂ ಅಗೆಯುವುದಿಲ್ಲ. ನಕ್ಷೆ ಬರೆಯುವವನಿಗೆ ಮರಳು ಕಾಣುವುದಿಲ್ಲ, ಬೇರು ಕಾಣುವುದಿಲ್ಲ. ಅವನ ಮುಂದೆ ಇರುವುದು ಒಂದು ಸೆಂಟಿಮೀಟರ್. ಆದರೆ ಯಂತ್ರದ ಮೇಲೆ ಕೂತವನಿಗೆ ಎಲ್ಲ ಕಾಣುತ್ತದಲ್ಲ? ಹಿಂದೆ ಮನೆಗಳಿವೆ, ಮುಂದೆ ಸಮುದ್ರವಿದೆ. ಕಣ್ಣಾರೆ ಕಂಡೂ ಅಗೆಯುವವನ ಎದೆ ಎಂಥದ್ದು? ಅವನಿಗೆ ಹೆಂಡತಿ ಮನೆ ಇಲ್ಲವೇ? ಕೂಲಿಗಾಗಿ ಊರಿನ ಬುಡಕ್ಕೇ ಕೊಡಲಿ ಹಾಕುವವನನ್ನು ಏನೆನ್ನಬೇಕು? ಅವನ ಮುಖಕ್ಕೆ ಉಗಿದು ಬಾ, ಸಮಾಧಾನವಾಗುತ್ತದೆ.

ತಮ್ಮ


ಜೂನ್ 29, 1993

ತಮ್ಮನಿಗೆ,

ಎರಡೂವರೆ ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಹಿಂದಿನ ಪತ್ರ ಕಣ್ಣಿಗೆ ಬೀಳುತ್ತಿತ್ತು.

ಅಗೆತ ಮುಗಿಯಿತು. ಐವತ್ತು ಮೀಟರ್ ಅಗೆದರು. ಗಾಳಿ ಈಗ ಅದನ್ನು ಅರವತ್ತೊಂದು ಮಾಡಿದೆ. ಇಡೀ ದಿನ ಆ ಕಂಡಿಯೊಳಗಿಂದ ಸೀಟಿ ಹೊಡೆದ ಹಾಗೆ ಸದ್ದು. ಹಾಸಿಗೆ ಕೊಡವಿದರೆ ಮರಳು, ಕಿವಿ ಒರೆಸಿದರೆ ಮರಳು. ಏಡಿಗಳು ಆ ಜಾಗ ಬಿಟ್ಟು ಹೋಗಿವೆ. ಬಾವಿಯ ನೀರು ಬೆಳಗಿನ ಹೊತ್ತು ಸರಿಯಿರುತ್ತದೆ, ಮಧ್ಯಾಹ್ನದ ಮೇಲೆ ನಾಲಿಗೆಗೆ ಏನೋ ಹತ್ತುತ್ತದೆ. ಟೈಲರಕ್ಕ ಉಪ್ಪು ಅನ್ನುತ್ತಾಳೆ. ಉಳಿದವರು ನಿನ್ನ ಭ್ರಮೆ ಅನ್ನುತ್ತಾರೆ. ಭ್ರಮೆಯಲ್ಲ.

ಇನ್ನೊಂದು ಮಾತು. ಆ ಯಂತ್ರದವನ ಬಗ್ಗೆ ಇನ್ನು ಮುಂದೆ ನನಗೆ ಬರೆಯಬೇಡ. ಹೊಟ್ಟೆಪಾಡಿಗೆ ಮಾಡಿದವರ ಮುಖಕ್ಕೆ ಉಗಿಯುವಷ್ಟು ಬಾಯಿ ನನಗಿಲ್ಲ.

ಅಕ್ಕ


ಜುಲೈ 20, 1993

ಪ್ರೀತಿಯ ಅಕ್ಕ,

ನಿನಗೆ ಕೋಪ ಬಂದಿದೆ, ಗೊತ್ತು. ನಾನು ಹಾಳೆಯ ವಿಷಯದಲ್ಲಿ ಏನೂ ಮಾಡಲಿಲ್ಲವೆಂದು ಕೋಪ. ಇರಲಿ, ಬೈದುಬಿಡು. ಸುಮ್ಮನಿರಬೇಡ.

ಇದರ ಜೊತೆ ಭರತದ ಪಟ್ಟಿ, ಸಮುದ್ರ ಉಬ್ಬುವ ಹೊತ್ತುಗಳ ಪಟ್ಟಿ, ಇಟ್ಟಿದ್ದೇನೆ. ಸೆಪ್ಟೆಂಬರ್ ಹದಿನಾರರ ಸಾಲಿನ ಕೆಳಗೆ ಗೀಟು ಎಳೆದಿದ್ದೇನೆ, ನೋಡು. ಬೆಳಿಗ್ಗೆ ಹತ್ತು ನಲವತ್ತು. ಈ ವರ್ಷದ ಅತಿ ದೊಡ್ಡ ಭರತ ಅದು. ಬರೀ ಭರತವಾದರೆ ದಾಟಿಹೋಗಬಹುದು. ಸಮುದ್ರದ ಕಡೆಯಿಂದ ಗಾಳಿಯೂ ಸೇರಿದರೆ ಕಂಡಿಯ ನೆಲ ಅದನ್ನು ತಡೆಯುವುದಿಲ್ಲ. ನಾನು ಎತ್ತರಗಳನ್ನು ಮೂರು ಸಲ ಕೂಡಿ ನೋಡಿದೆ.

ಮುಖ್ಯಸ್ಥರ ಹತ್ತಿರ ಹೋಗಿ ಹೇಳಿದೆ. "ನಿನ್ನ ಕೆಲಸ ಏನು?" ಅಂದರು. "ಗೆರೆ ಎಳೆಯೋದು ಸರ್." "ಹಾಗಾದ್ರೆ ಎಳಿ ಹೋಗು" ಅಂದರು.

ನನ್ನ ಮಾತು ಕೇಳು. ಆ ವಾರ ಭಾವನನ್ನು ಕರೆದುಕೊಂಡು ಇಲ್ಲಿಗೆ ಬಂದುಬಿಡು. ಇಲ್ಲ ಅನ್ನಬೇಡ.

ನಿನ್ನ ತಮ್ಮ


ಸೆಪ್ಟೆಂಬರ್ 12, 1993

ತಮ್ಮನಿಗೆ,

ಪಟ್ಟಿ ತಲುಪಿತು. ಇಪ್ಪತ್ತೆರಡು ಮನೆಗೂ ಓದಿ ಹೇಳಿದ್ದೇನೆ. ಹದಿನಾರರ ಬೆಳಿಗ್ಗೆ ಎಂಟಕ್ಕೆಲ್ಲ ಶಾಲೆಯ ಮಹಡಿಗೆ ಹೋಗುವುದೆಂದು ನಿರ್ಧಾರವಾಗಿದೆ. ಇವರನ್ನೆಲ್ಲ ಬಿಟ್ಟು ನಾನು ರೈಲು ಹತ್ತುವುದು ಆಗದ ಮಾತು. ಈ ದಿಬ್ಬದ ಸಂಬಳ ತಿಂದವಳು ನಾನು.

ಕಂಡಿಯನ್ನು ಮುಚ್ಚಲು ಹೋಟೆಲಿನವರಿಗೆ ಹೇಳಿದೆವು. ಅವರ ಮ್ಯಾನೇಜರು ರಜೆಯಲ್ಲಿದ್ದಾರಂತೆ. ಯಂತ್ರ ಮಾತ್ರ ಇಲ್ಲೇ ನಿಂತಿದೆ. ಆ ಯಂತ್ರದವನು, ತಾನೇ ತೋಡಿದ್ದು, ತಾನೇ ಮುಚ್ಚುತ್ತೇನೆ ಅನ್ನುತ್ತಾನೆ. ಅಪ್ಪಣೆ ಕೇಳಿದರೆ ಸಿಗುವುದಿಲ್ಲ, ಅದಕ್ಕೆ ಕೇಳುವುದಿಲ್ಲವಂತೆ. ನಾನು ಬೇಡ ಅನ್ನಲಿಲ್ಲ.

ನಿನ್ನೆಯಿಂದ ಗಾಳಿ ತಿರುಗಿದೆ.

ಅಕ್ಕ


ಅಕ್ಟೋಬರ್ 4, 1993

ಪ್ರೀತಿಯ ಅಕ್ಕ,

'ನಾವಿಬ್ಬರೂ ಬದುಕಿದ್ದೇವೆ' ಎಂಬ ಎರಡು ಪದದ ತಂತಿ ಬಂದ ಮೇಲೆ ಒಂದು ಸುದ್ದಿಯೂ ಇಲ್ಲ. ಪತ್ರಿಕೆಯಲ್ಲಿ ಓದಿದೆ: ಕಂಡಿಯ ಮೂಲಕ ನೀರು ನುಗ್ಗಿ ಒಂಬತ್ತು ಮನೆ ಕುಸಿತ, ಒಬ್ಬ ಮಹಿಳೆ ಸಾವು. ಯಾರೆಂದು ಬರೆದಿಲ್ಲ. ಯಾರಕ್ಕಾ?

ಊಟ ನಿದ್ದೆ ಸೇರುತ್ತಿಲ್ಲ. ಆದರೆ ಒಂದು ಒಳ್ಳೆಯ ಸುದ್ದಿ ಕೊಡಬಲ್ಲೆ. ಹದಿನೇಳನೇ ಹಾಳೆ ಸರಿಯಾಯಿತು! ಕಳೆದ ತಿಂಗಳು ಹದಿನೆಂಟನೇ ತಾರೀಕು ಮುಖ್ಯಸ್ಥರೇ ಕಪಾಟು ತೆಗೆದು ಮೂಲ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ಗೆರೆ ಮುಂಚೆ ಇದ್ದ ಹಾಗೇ ಸೇರಿಸಿಬಿಡು" ಅಂದರು. ನಾನೇ ನನ್ನ ಕೈಯಾರೆ ಕೆಂಪು ಮಸಿಯಲ್ಲಿ ಸೇರಿಸಿದೆ. 'ಹಳೆಯ ದಾರಿ' ಎಂಬ ಸುಳ್ಳೂ ಹೋಯಿತು. ಹಳೆಯ ನೀಲಿ ಪ್ರತಿಗಳನ್ನೆಲ್ಲ ವಾಪಸು ತರಿಸಿಕೊಂಡಿದ್ದಾರೆ. ಗೆರೆ ಈಗ ಎಲ್ಲೂ ತುಂಡಾಗಿಲ್ಲ. ಎಷ್ಟೋ ತಿಂಗಳ ಮೇಲೆ ಅವತ್ತು ಮನೆಗೆ ಹೋಗಿ ಉಸಿರು ಬಿಟ್ಟೆ.

ವಿಚಾರಣೆಗೆ ಈ ಹಾಳೆಯೇ ಹೋಗುತ್ತದೆ. ರಕ್ಷಿತ ದಿಬ್ಬವನ್ನು ಕಡಿದ ಆ ಯಂತ್ರದವನು ಸಿಕ್ಕಿಬಿದ್ದಿದ್ದಾನಂತೆ, ತಪ್ಪಿಸಿಕೊಳ್ಳಲಾರ. ಅವನ ಮಾತು ಎತ್ತಬೇಡ ಅಂದಿದ್ದೆ ನೀನು, ಕ್ಷಮಿಸು.

ನಿನ್ನ ತಮ್ಮ


ಅಕ್ಟೋಬರ್ 12, 1993

ಸತ್ತವಳು ಟೈಲರಕ್ಕ. ಯಂತ್ರದವನು ನಿನ್ನ ಭಾವ.

ಮೊದಲೇ ಹೇಳಲಿಲ್ಲ, ಏಕೆಂದರೆ ನಾಚಿಕೆಯಾಗಿತ್ತು. ನಾನು ದಿಬ್ಬ ಕಾಯುವವಳು, ನನ್ನ ಗಂಡ ಅದನ್ನು ಅಗೆಯುವವನು. ನಾಲ್ಕು ತಿಂಗಳು ಕೆಲಸವಿಲ್ಲದ ಮನುಷ್ಯ. "ನಕ್ಷೇಲಿ ದಾರಿ ಅಂತಿದೆ ಕಣೇ, ಸರ್ಕಾರಿ ಮುದ್ರೆ ಇದೆ. ನಾನಲ್ಲದಿದ್ರೆ ಇನ್ನೊಬ್ಬ ತೋಡ್ತಾನೆ" ಅಂದರು. ಹಗಲು ಅವರು ಅಗೆದದ್ದನ್ನು ಸಂಜೆ ನಾನು ಅಳೆಯುತ್ತಿದ್ದೆ. ಒಂದೇ ತಟ್ಟೆಯ ಎದುರು ಕೂತು ಉಣ್ಣುತ್ತಿದ್ದೆವು. ಆಗ ನಿನ್ನ ಪತ್ರ ಬಂತು, ಮುಖಕ್ಕೆ ಉಗಿ ಎಂದು.

ಹದಿನಾರರ ಬೆಳಿಗ್ಗೆ ಆರಕ್ಕೇ ಅವರು ಯಂತ್ರ ಹೊರಡಿಸಿದರು. ಎರಡೂ ಬದಿಯ ಮರಳನ್ನು ತಳ್ಳಿ ತಳ್ಳಿ ಕಂಡಿಯೊಳಗೆ ಎದೆಯೆತ್ತರದ ಒಡ್ಡು ಎಬ್ಬಿಸಿದರು. ದೂರದಿಂದ ನೋಡಿದರೆ ದಿಬ್ಬ ವಾಪಸು ಬಂದ ಹಾಗೆಯೇ ಇತ್ತು. ಆದರೆ ಒಳಗೆ ಒಂದು ಬೇರೂ ಇರಲಿಲ್ಲ. ಹತ್ತು ಗಂಟೆಗೆ ಮೊದಲ ನೀರು ಬಂದು ಒಡ್ಡಿನ ಕಾಲು ನೆಕ್ಕಿ ಹೋಯಿತು. ಎರಡನೆಯದು ಬುಡ ಎಳೆದುಕೊಂಡಿತು. ಮೂರನೆಯದಕ್ಕೆ ಯಂತ್ರ ವಾಲಿತು, ಪಕ್ಕದ ಮರಳಗೋಡೆ ಕುಸಿದು ಅದರ ಮೇಲೆ ಬಿತ್ತು. ಶಾಲೆಯ ಮಹಡಿಯಿಂದ ನಾನು ಎಲ್ಲವನ್ನೂ ನೋಡಿದೆ. ಆರು ಜನ ದೋಣಿಯ ಹಲಗೆಗಳಿಂದ ತೋಡಿ ಅವರನ್ನು ಹೊರಗೆ ತೆಗೆದರು. ಬಾಯಿ, ಮೂಗು, ಕಣ್ಣೆಲ್ಲ ಮರಳು.

ಟೈಲರಕ್ಕ ಎಂಟು ಗಂಟೆಗೇ ನಮ್ಮ ಜೊತೆ ಬಂದಿದ್ದಳು. ಒಂಬತ್ತೂವರೆಗೆ, "ಶಾಲೆ ಮಕ್ಕಳ ಸಮವಸ್ತ್ರ ಮೂವತ್ತು ಜೊತೆ ನೆಲದ ಮೇಲೇ ಇಟ್ಟಿದ್ದೀನಿ, ಮೇಲಕ್ಕೆ ಎತ್ತಿಟ್ಟು ಬಂದೆ" ಎಂದು ಕೆಳಗಿಳಿದಳು. ಅವಳ ಕಾಲು ನಿನಗೆ ಗೊತ್ತಲ್ಲ, ಅವಸರಕ್ಕೆ ಆಗುವಂಥದ್ದಲ್ಲ. ಅವಳ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ನೀರು ಹೊರಗಿನಿಂದ ಒತ್ತಿ ಹಿಡಿದಿತ್ತು. ಬಾಗಿಲ ಹಿಂದೆಯೇ ಸಿಕ್ಕಳು. ಬಟ್ಟೆ ಎಲ್ಲವೂ ಮೇಲಿನ ಹಲಗೆಯ ಮೇಲೆ ಒಣಗಿಯೇ ಇದ್ದವು.

ಭಾವ ಆಸ್ಪತ್ರೆಯಲ್ಲಿದ್ದಾರೆ. ಕೆಮ್ಮಿದರೆ ಇನ್ನೂ ಮರಳು ಬರುತ್ತದೆ. ಬಾಗಿಲಲ್ಲಿ ಒಂದು ಸ್ಟೂಲ್, ಸ್ಟೂಲಿನ ಮೇಲೆ ಒಬ್ಬ ಪೊಲೀಸಿನವನು. ರಕ್ಷಿತ ದಿಬ್ಬ ಕಡಿದದ್ದು, ಯಂತ್ರ ಕದ್ದದ್ದು, ಒಂದು ಸಾವಿಗೆ ಕಾರಣನಾದದ್ದು, ಮೂರು ಕೇಸು. ಹೋಟೆಲಿನವರು, "ದಾರಿ ಮಾಡು ಅಂತ ನಾವು ಹೇಳೇ ಇಲ್ಲ, ಅವನೇ ಎಲ್ಲೋ ತೋಡಿದ" ಅನ್ನುತ್ತಾರೆ. ನನಗೆ ಬಂದ ಆದೇಶದಲ್ಲಿ ಗೂಟ ತೆಗೆ ಎಂದಷ್ಟೇ ಇದೆ, ದಾರಿಯ ಮಾತಿಲ್ಲ. "ನಕ್ಷೇಲಿತ್ತು" ಎಂದು ಇವರು ಹೇಳಿದರೆ ಅಧಿಕಾರಿ ನಕ್ಷೆ ಬಿಚ್ಚಿ ತೋರಿಸುತ್ತಾನೆ. ಗೆರೆ ಎಲ್ಲೂ ತುಂಡಾಗಿಲ್ಲ. ನೀನೇ ಸೇರಿಸಿದ ಗೆರೆ.

ಅದನ್ನು ಮೊದಲು ಅಳಿಸಿದವರು ಯಾರು? ನಿನಗೆ ಗೊತ್ತಿರಬೇಕು. ಹೆಸರು ಬರೆದು ಕಳಿಸು. ಇಪ್ಪತ್ತೈದಕ್ಕೆ ವಿಚಾರಣೆ.


ಅಕ್ಟೋಬರ್ 19, 1993

ಅಕ್ಕ,

ನಾನೇ.

ಜನವರಿ ಎಂಟು, ಶುಕ್ರವಾರ. ಮುಖ್ಯಸ್ಥರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಒಂದು ಕಡೆ ಹದಿನೇಳನೇ ಹಾಳೆ, ಇನ್ನೊಂದು ಕಡೆ ಖಾಯಂ ಮಾಡುವವರ ಪಟ್ಟಿ. "ಒಂದು ಸೆಂಟಿಮೀಟರ್ ಕಣಪ್ಪಾ, ಊರೇನು ಮುಳುಗಲ್ಲ" ಅಂದರು. ಅದು ನಮ್ಮ ದಿಬ್ಬವೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಈಗಲೂ ಕೈ ತುಡಿಯುತ್ತದೆ. ಗೊತ್ತಿತ್ತು. ಹತ್ತೊಂಬತ್ತನೇ ಗೂಟದ ಅಂಕಿಯ ಮೇಲೆ ಸ್ಕೇಲ್ ಇಟ್ಟು ಬ್ಲೇಡಿನಿಂದ ಕೆರೆದೆ. ಐದು ನಿಮಿಷದ ಕೆಲಸ. ಮಸಿಯ ಪುಡಿಯನ್ನು ಬಾಯಿಂದ ಊದಿ, ನಡುವೆ 'ಹಳೆಯ ದಾರಿ' ಎಂದು ಬರೆದೆ.

ನಿನ್ನ ಮೊದಲ ಪತ್ರ ಬಂದಾಗ ಹೇಳಬಹುದಿತ್ತು. ಆಮೇಲೆ ಯಂತ್ರದವನು ಸಿಕ್ಕಿದ, ಅವನ ಮೇಲೆ ಹಾಕಿದೆ. ಉಗಿ ಎಂದು ಬರೆದಾಗ ಉಗಿಸಿಕೊಳ್ಳಬೇಕಾದವನು ಯಾರೆಂದು ನನಗೆ ತಿಳಿದಿತ್ತು.

ನಿನ್ನ ಪತ್ರ ಓದಿ ಮುಖ್ಯಸ್ಥರ ಹತ್ತಿರ ಹೋದೆ. ಬಾಗಿಲು ಹಾಕಿಸಿ ಮೆತ್ತಗೆ ಹೇಳಿದರು: "ಈಗಿರೋ ಗೆರೆ ಸರಿಯಾದ್ದು ತಾನೇ? ಸರಿಯಾದ್ದನ್ನ ತಪ್ಪು ಅಂತ ಹೇಳೋಕೆ ಹೋಗ್ತೀಯಾ?" ಒಂದು ಕ್ಷಣ ನನಗೂ ಅದು ಸರಿಯೆನ್ನಿಸಿತು. ಅವರ ಮಾತಿನ ಶಕ್ತಿಯೇ ಅಂಥದ್ದು.

ಆದರೆ ಬ್ಲೇಡು ಕೆರೆದ ಜಾಗದಲ್ಲಿ ಮಸಿ ನಿಲ್ಲುವುದಿಲ್ಲ, ಹರಡುತ್ತದೆ. ಭೂತಗನ್ನಡಿ ಹಿಡಿದರೆ ಆ ಒಂದು ಸೆಂಟಿಮೀಟರಿನ ಅಂಚು ಮಾತ್ರ ಕೂದಲು ಕೂದಲಾಗಿ ಕಾಣುತ್ತದೆ. ಹಾಳೆಯ ಮೂಲೆಯಲ್ಲಿ ತಿದ್ದಿದವನ ಚಿಕ್ಕ ಸಹಿ ನನ್ನದು. ತುಂಡು ಗೆರೆಯ ನೀಲಿ ಪ್ರತಿಯೊಂದು, ಮುದ್ರಣ ಕೆಟ್ಟದ್ದು, ನನ್ನ ಡ್ರಾಯರಿನ ತಳಕ್ಕೆ ಹಾಸಿಕೊಂಡಿದ್ದೆ. ವಾಪಸು ತರಿಸುವಾಗ ಅದು ಯಾರ ನೆನಪಿಗೂ ಬರಲಿಲ್ಲ. ಅದನ್ನು ತೆಗೆದುಕೊಂಡು ಇಪ್ಪತ್ತೈದಕ್ಕೆ ಬರುತ್ತೇನೆ. ಈ ಪತ್ರವನ್ನೂ ಇಟ್ಟುಕೋ. ನಾನು ಬರದೇ ಹೋದರೆ ಇದನ್ನೇ ಅವರ ಮುಂದಿಡು. ನನ್ನ ಮೇಲೆ ನನಗೇ ನಂಬಿಕೆ ಕಡಿಮೆ.

ತಮ್ಮ


ನವೆಂಬರ್ 3, 1993

ನಕ್ಷೆಗಾರನಿಗೆ,

ನೀನು ಬಂದೆ, ಹೇಳಿದೆ, ಹೋದೆ. ಮೂರನೇ ಸಾಲಿನಲ್ಲಿ ಕೂತಿದ್ದೆ ನಾನು. ಭೂತಗನ್ನಡಿಯನ್ನು ನೀನೇ ಅಧಿಕಾರಿಯ ಕೈಗೆ ಕೊಟ್ಟೆ. ಹೊರಗೆ ಮೆಟ್ಟಿಲ ಬಳಿ ನಿಂತಿದ್ದೆಯಂತೆ. ನಾನು ಹಿಂದಿನ ಬಾಗಿಲಿನಿಂದ ಹೋದೆ. ಬೇಕೆಂದೇ ಹೋದೆ.

ದಿಬ್ಬದ ಕೇಸು, ಸಾವಿನ ಕೇಸು ಭಾವನ ಮೇಲಿಂದ ಬಿದ್ದುಹೋದವು. ಯಂತ್ರದ್ದು ಉಳಿದಿದೆ. ಆಸ್ಪತ್ರೆಯ ಬಾಗಿಲ ಸ್ಟೂಲು ಖಾಲಿಯಾಯಿತು, ಅವರು ಮನೆಗೆ ಬಂದಿದ್ದಾರೆ. ನಿನ್ನನ್ನು ಅಮಾನತು ಮಾಡಿದ್ದು, ನಿನ್ನ ಮೇಲೆ ಕೇಸು ಹಾಕುವುದು ಪತ್ರಿಕೆಯಲ್ಲಿ ಓದಿದೆ. ನಿನ್ನ ಮುಖ್ಯಸ್ಥರಿಗೆ ಬೇರೆ ಊರಿಗೆ ವರ್ಗವಂತೆ. ಅಲ್ಲಿಯೂ ಕಡಲತೀರವಿದೆಯಂತೆ.

ಕಂಡಿ ಈಗ ಎಂಬತ್ತಮೂರು ಮೀಟರ್. ಎರಡೂ ಕಡೆಯ ಗೋಡೆ ದಿನಾ ಸ್ವಲ್ಪ ಸ್ವಲ್ಪ ಕುಸಿಯುತ್ತಿದೆ. ಬಾವಿಯ ನೀರನ್ನು ಈಗ ಬೆಳಿಗ್ಗೆಯೂ ಕುಡಿಯಲಾಗುವುದಿಲ್ಲ. ನಾನು ಬಳ್ಳಿ ನೆಡುತ್ತಿದ್ದೇನೆ. ಹತ್ತು ನೆಟ್ಟರೆ ಒಂದು ಹಿಡಿಯುತ್ತದೆ. ಮುಂದಿನ ಸೆಪ್ಟೆಂಬರಿಗೆ ಅದು ಮೊಣಕಾಲೆತ್ತರದ ಮರಳನ್ನೂ ಹಿಡಿದಿಟ್ಟಿರುವುದಿಲ್ಲ. ಗೊತ್ತಿದ್ದೂ ನೆಡುತ್ತೇನೆ.

ಮೊನ್ನೆ ಟೈಲರಕ್ಕನ ತಂಗಿ ಬಂದಳು. ಸತ್ತವಳ ಮನೆಯಲ್ಲಿ ಉಳಿದದ್ದನ್ನು ಗಂಟು ಕಟ್ಟುತ್ತಿದ್ದಳು. ಸಹಾಯಕ್ಕೆ ಹೋದೆ. ಗಂಟಿನಿಂದ ತಲೆಯೆತ್ತದೆ ಕೇಳಿದಳು:

"ನಿನ್ನ ತಮ್ಮ ಗೆರೆ ಅಳಿಸ್ದ. ನಿನ್ನ ಗಂಡ ತೋಡ್ದ. ನೀನು ಗೂಟ ಕಿತ್ತೆ. ನಿಮ್ಮನೇಲಿ ಇನ್ನು ಯಾರು ಉಳಿದಿದ್ದಾರೆ?"

ಅವಳು ಬೈದಿದ್ದರೆ ಚೆನ್ನಾಗಿತ್ತು. ನಿಜವಾಗಿಯೂ ಉತ್ತರಕ್ಕೆ ಕಾದಳು.

ಮನೆಗೆ ಬಂದು ಭಾವನಿಗೆ ಹೇಳಿದೆ. ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ಅವನಿಗೆ ಬರೆ. ಮೂವರೂ ಅವಳ ಹತ್ರ ಹೋಗೋಣ" ಅಂದರು.

"ಹೋಗಿ ಏನಂತ ಹೇಳೋದು?"

"ಏನೂ ಹೇಳೋದು ಬೇಡ. ಅವಳು ಹೇಳಿದ್ದನ್ನ ಕೂತು ಕೇಳಿಸ್ಕೊಳ್ಳೋಣ."

ಅವಳು ಹದಿನೆಂಟರವರೆಗೆ ಇಲ್ಲಿರುತ್ತಾಳೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಇದನ್ನು ಓದಿಕೊಳ್ಳಬೇಡ, ಹಾಗೆ ಬರೆದಿಲ್ಲ. ನಿಲ್ದಾಣಕ್ಕೆ ಯಾರೂ ಬರುವುದಿಲ್ಲ. ನೇರವಾಗಿ ಮನೆಗೆ ಬಾ. ಮೂವರೂ ಒಟ್ಟಿಗೇ ಹೊರಡೋಣ, ಹಗಲಿನಲ್ಲೇ, ಸಾಲಿನ ಎಲ್ಲರೂ ನೋಡುವ ಹಾಗೆ.

ಅಕ್ಕ